ಕಾಯಿದೆ ಹೋಯಿತು, ಕಿವಿ ಉಳಿಯಿತು



2009ರ ಅಕ್ಟೋಬರ್ 16ರ ರಾತ್ರಿಯನ್ನು ಸಾಂಕೋಲೆಯ ಹಿರಿಯರು ಮರೆತಿರಲಾರರು. ಮರುದಿನ ನರಕ ಚತುರ್ದಶಿ. ಊರೂರಿನಲ್ಲೂ ನರಕಾಸುರನ ಬೊಂಬೆಗಳ ಸ್ಪರ್ಧೆ ನಡೆದಿತ್ತು. ಆ ರಾತ್ರಿ ಮಡಗಾಂವಿನಲ್ಲಿ ಸ್ಕೂಟರಿನಲ್ಲಿದ್ದ ಸ್ಫೋಟಕ ಸಿಡಿದು ಇಬ್ಬರು ಸತ್ತರು. ಅದೇ ಹೊತ್ತಿನಲ್ಲಿ ನಮ್ಮ ಸಾಂಕೋಲೆಯಲ್ಲಿ, ಸ್ಪರ್ಧೆಗೆ ಯುವಕರನ್ನು ಕರೆದೊಯ್ಯುತ್ತಿದ್ದ ಟ್ರಕ್ಕಿನಲ್ಲಿ ಇನ್ನೊಂದು ಬಾಂಬ್ ಸಿಕ್ಕಿತು. ಅದು ಸಿಡಿಯದೇ ಉಳಿದದ್ದರಿಂದ ಹಲವು ಮನೆಗಳ ದೀಪ ಆರದೆ ಉಳಿಯಿತು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಭಯೋತ್ಪಾದನೆಯನ್ನು ಹತ್ತಿಕ್ಕುವ ಹೆಸರಿನಲ್ಲಿ ಸರಕಾರ ಕೇಳುವ ಹೆಚ್ಚಿನ ಕಣ್ಗಾವಲು ಅಧಿಕಾರವನ್ನು ಈ ಪತ್ರ ವಿರೋಧಿಸುತ್ತದೆ. ಹಾಗೆ ವಿರೋಧಿಸುವವರಿಗೆ ಬಾಂಬಿನ ಭಯ ಗೊತ್ತಿಲ್ಲ ಎಂಬ ಮಾತು ಕೂಡಲೇ ಬರುತ್ತದೆ. ನಮಗೆ ಗೊತ್ತಿದೆ. ಬಾಂಬ್ ನಮ್ಮ ಊರಿನ ಟ್ರಕ್ಕಿನಲ್ಲೇ ಇತ್ತು.

ಆದರೆ ಮುಂದೇನಾಯಿತೆಂಬುದನ್ನೂ ನೋಡಬೇಕು. ಮುಂಬಯಿಯ ದಾಳಿಯ ನಂತರ, 2008ರ ಡಿಸೆಂಬರಿನಲ್ಲಿ ಸಂಸತ್ತು ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಯನ್ನು ಬಿಗಿಗೊಳಿಸಿತ್ತು. ರಾಷ್ಟ್ರೀಯ ತನಿಖಾ ದಳವನ್ನೂ ಸ್ಥಾಪಿಸಿತ್ತು. ಗೋವಾದ ಈ ಪ್ರಕರಣವನ್ನು ಅದೇ ದಳ ಅದೇ ಕಾಯಿದೆಯಡಿ ನಡೆಸಿತು. 2013ರ ಡಿಸೆಂಬರ್ 31ರಂದು ವಿಶೇಷ ನ್ಯಾಯಾಲಯ ಆರು ಆರೋಪಿಗಳನ್ನು ಬಿಡುಗಡೆ ಮಾಡಿತು. 2020ರಲ್ಲಿ ಉಚ್ಚ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ಅಧಿಕಾರಕ್ಕೇನೂ ಕೊರತೆಯಿರಲಿಲ್ಲ, ಹೊಸ ದಳಕ್ಕೂ ಕೊರತೆಯಿರಲಿಲ್ಲ. ಆದರೂ ಆ ಬಾಂಬ್ ಇಟ್ಟವರು ಯಾರೆಂಬ ಪ್ರಶ್ನೆಗೆ ಶಿಕ್ಷೆಯ ರೂಪದ ಉತ್ತರ ಸಾಂಕೋಲೆಗೆ ಸಿಗಲಿಲ್ಲ. ಇನ್ನಷ್ಟು ಅಧಿಕಾರ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಮೊದಲು ಇದಕ್ಕೆ ಉತ್ತರಿಸಲಿ.

ಇನ್ನು ಕಾಯಿದೆಗಳ ಕಥೆಗೆ ಬರೋಣ. 1985ರಲ್ಲಿ ಟಾಡಾ ಬಂತು. 1987ರಲ್ಲಿ ಇನ್ನೂ ಬಿಗಿಯಾಗಿ ಬಂತು. ಅದಕ್ಕೆ ಎರಡು ವರ್ಷದ ಅವಧಿ ಇತ್ತು. ಸಂಸತ್ತು ಮತ್ತೆ ಮತ್ತೆ ಅವಧಿ ವಿಸ್ತರಿಸುತ್ತ ಬಂದಿತು. 1995ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಎಲ್ಲ ಸಂಸತ್ ಸದಸ್ಯರಿಗೂ ಪತ್ರ ಬರೆದು, ಇದನ್ನು ಮುಂದುವರಿಸಬೇಡಿರೆಂದು ಕೋರಿದರು. ಆ ವರ್ಷದ ಮೇ ತಿಂಗಳಲ್ಲಿ ಟಾಡಾ ತಾನಾಗಿ ಮುಗಿಯಿತು. ಅವಧಿಯ ಅಂಕೆ ಇದ್ದದ್ದರಿಂದಲೇ ಅದು ಮುಗಿಯಲು ಸಾಧ್ಯವಾಯಿತು ಎಂಬುದನ್ನು ಗಮನದಲ್ಲಿಡಿ.

ಆಮೇಲೆ ಪೋಟಾ. 2001ರಲ್ಲಿ ಸುಗ್ರೀವಾಜ್ಞೆಯಾಗಿ ಬಂದ ಇದನ್ನು ಮಸೂದೆಯ ರೂಪದಲ್ಲಿ 2002ರ ಮಾರ್ಚ್ 21ರಂದು ರಾಜ್ಯಸಭೆ ತಿರಸ್ಕರಿಸಿತು. ಐದೇ ದಿನಗಳಲ್ಲಿ, ಮಾರ್ಚ್ 26ರಂದು, ಎರಡೂ ಸದನಗಳ ಜಂಟಿ ಅಧಿವೇಶನ ಕರೆದು ಅದನ್ನು ಅಂಗೀಕರಿಸಲಾಯಿತು. ದೂರವಾಣಿ ಮತ್ತಿತರ ಸಂಭಾಷಣೆಗಳನ್ನು ಕದ್ದು ಕೇಳುವುದಕ್ಕೆಂದೇ ಒಂದು ಇಡೀ ಅಧ್ಯಾಯ ಆ ಕಾಯಿದೆಯಲ್ಲಿತ್ತು. ಹಾಗೆ ಕೇಳಿದ್ದನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸಬಹುದಿತ್ತು. ನ್ಯಾಯವಾಗಿ ಹೇಳಬೇಕೆಂದರೆ ಅದರಲ್ಲಿ ಒಂದೆರಡು ಕಡಿವಾಣಗಳೂ ಇದ್ದವು. ಅಪ್ಪಣೆ ಕೊಟ್ಟ ಹತ್ತು ದಿನಗಳೊಳಗೆ ಅದು ಸಮಿತಿಯ ಮುಂದೆ ಹೋಗಬೇಕಿತ್ತು. ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಒಪ್ಪಿಗೆ ಸಿಕ್ಕಿತು, ಎಷ್ಟು ತಿರಸ್ಕೃತವಾದವು ಎಂಬ ವಾರ್ಷಿಕ ವರದಿ ಶಾಸನಸಭೆಗಳ ಮುಂದೆ ಬರಬೇಕಿತ್ತು.

2004ರಲ್ಲಿ ಪೋಟಾ ರದ್ದಾಯಿತು. ಬಹಳ ಜನ ಸಿಹಿ ಹಂಚಿದರು. ಆದರೆ ಅದೇ ವರ್ಷ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಗೆ ತಂದ ತಿದ್ದುಪಡಿಯಲ್ಲಿ 46ನೆಯ ಕಲಮು ಸದ್ದಿಲ್ಲದೆ ಸೇರಿಕೊಂಡಿತು. ಕದ್ದು ಕೇಳಿದ ಮಾತು ಸಾಕ್ಷ್ಯವಾಗುತ್ತದೆ ಎಂಬ ಅಧಿಕಾರ ಅಲ್ಲಿ ಹಾಗೆಯೇ ಉಳಿಯಿತು. ವಿಚಾರಣೆಗೆ ಹತ್ತು ದಿನ ಮೊದಲು ಆರೋಪಿಗೆ ಅಪ್ಪಣೆಯ ಪ್ರತಿ ಕೊಡಬೇಕೆಂಬ ನಿಯಮ ಉಳಿಯಿತು, ನಿಜ. ಆದರೆ ಶಾಸನಸಭೆಗೆ ಲೆಕ್ಕ ಒಪ್ಪಿಸುವ ವಾರ್ಷಿಕ ವರದಿ ಉಳಿಯಲಿಲ್ಲ. ಪೋಟಾಕ್ಕೆ ಮೂರು ವರ್ಷದ ಅವಧಿಯಿತ್ತು; ಈ ಕಾಯಿದೆಗೆ ಅವಧಿಯೇ ಇಲ್ಲ. ಕಾಯಿದೆ ಹೋಯಿತು, ಕಿವಿ ಉಳಿಯಿತು. ಕಿವಿಗೆ ಹಾಕಿದ್ದ ಕಡಿವಾಣ ಮಾತ್ರ ಕಾಯಿದೆಯ ಜೊತೆಗೇ ಹೋಯಿತು.

ಈ ಲೇಖನದ ಮುಖ್ಯ ಮಾತು ಇದೇ. ಭಯದ ಹೊತ್ತಿನಲ್ಲಿ ಕೊಟ್ಟ ಅಧಿಕಾರ ಭಯ ಇಳಿದ ಮೇಲೆ ಹಿಂದಕ್ಕೆ ಬರುವುದಿಲ್ಲ. ಅದು ಹೆಸರು ಬದಲಾಯಿಸಿಕೊಂಡು ಇನ್ನೊಂದು ಮನೆಯಲ್ಲಿ ಬಾಳುತ್ತದೆ. ಆದುದರಿಂದ ಮಸೂದೆ ಬಂದಾಗಲೇ, ಮುಂಬಾಗಿಲಲ್ಲೇ ಪ್ರಶ್ನಿಸಬೇಕು.

ಈಗಿನ ಸ್ಥಿತಿ ಹೇಗಿದೆ? 1885ರ ಟೆಲಿಗ್ರಾಫ್ ಕಾಯಿದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯಿದೆ ಬಂದಿದೆ. ಕದ್ದಾಲಿಕೆಯ ಹೊಸ ನಿಯಮಗಳು 2024ರ ಡಿಸೆಂಬರಿನಲ್ಲಿ ಪ್ರಕಟವಾಗಿವೆ. ಅಪ್ಪಣೆ ಕೊಡುವವರು ಗೃಹ ಕಾರ್ಯದರ್ಶಿ. ತುರ್ತು ಸಂದರ್ಭದಲ್ಲಿ ತನಿಖಾ ಸಂಸ್ಥೆಯ ಹಿರಿಯ ಅಧಿಕಾರಿಯೇ ಅಪ್ಪಣೆ ಕೊಡಬಹುದು. ಏಳು ಕೆಲಸದ ದಿನಗಳಲ್ಲಿ ಅದು ದೃಢವಾಗಬೇಕು. ಒಂದು ಅಪ್ಪಣೆ ಅರವತ್ತು ದಿನ ನಡೆಯುತ್ತದೆ. ವಿಸ್ತರಿಸಿದರೆ ನೂರೆಂಬತ್ತು ದಿನದವರೆಗೆ. ಪರಿಶೀಲಿಸುವ ಸಮಿತಿಯಲ್ಲಿರುವವರೂ ಸರಕಾರದ ಕಾರ್ಯದರ್ಶಿಗಳೇ. ಕೇಳುವವರು, ಅಪ್ಪಣೆ ಕೊಡುವವರು, ಸರಿಯೋ ತಪ್ಪೋ ನೋಡುವವರು ಎಲ್ಲರೂ ಒಂದೇ ಮನೆಯವರು. ನ್ಯಾಯಾಧೀಶರು ಎಲ್ಲಿಯೂ ಇಲ್ಲ.

ಆ ಸಮಿತಿಯ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇವೆ. ಕೇಂದ್ರ ಸರಕಾರವೇ ನೇಮಿಸಿದ್ದ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಹೇಳಿದಂತೆ, ಎರಡು ತಿಂಗಳಿಗೊಮ್ಮೆ ಸೇರುವ ಈ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಯಲ್ಲೂ 15,000ದಿಂದ 18,000 ಅಪ್ಪಣೆಗಳಿರುತ್ತವೆ. ನಮ್ಮ ಶಾಲೆಯ ಮಕ್ಕಳಿಗೆ ಈ ಲೆಕ್ಕ ಕೊಡಿ. ಎಂಟು ಗಂಟೆ ನೀರನ್ನೂ ಕುಡಿಯದೆ ಕುಳಿತರೆ 28,800 ಸೆಕೆಂಡು. 15,000 ಅಪ್ಪಣೆಗಳಿಗೆ ಹಂಚಿದರೆ ಒಂದೊಂದಕ್ಕೆ ಎರಡು ಸೆಕೆಂಡೂ ದೊರೆಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕೂಗುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

"ಇದೆಲ್ಲ ವಕೀಲರ ಮಾತು, ಕನ್ನಡ ಶಾಲೆಗಳ ಪತ್ರಕ್ಕೆ ಇದೇಕೆ?" ಎಂದು ನೀವು ಕೇಳಬಹುದು. ಕದ್ದು ಕೇಳುವ ಮಾತು ಯಾವುದೋ ಒಂದು ಭಾಷೆಯಲ್ಲೇ ಇರುತ್ತದೆ ಎಂಬುದೇ ಇದಕ್ಕೆ ಉತ್ತರ.

ಝುವಾರಿನಗರದಿಂದ, ಸಾಂಕೋಲೆಯ ಕೈಗಾರಿಕಾ ವಸಾಹತಿನಿಂದ ದಿನವೂ ಎಷ್ಟು ಕರೆಗಳು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಗೆ ಹೋಗುತ್ತವೆ! ಅವುಗಳ ಮಾತು ಹೇಗಿರುತ್ತದೆ? "ಮಾಲು ಇಳಿಸೇವಿ, ನಾಳೆ ಮುಗಿಸೇ ಬರತೇವಿ" ಎಂದರೆ ಸಿಮೆಂಟಿನ ಚೀಲ ಇಳಿಸಿದ್ದೇವೆ, ಕೆಲಸ ಮುಗಿಸಿ ಊರಿಗೆ ಬರುತ್ತೇವೆ ಎಂದರ್ಥ. "ಅಂವನ ಕಥಿ ಮುಗೀತು" ಎಂದರೆ ಅವನ ಕೆಲಸ ಹೋಯಿತು. "ಆಕಿ ಮನ್ಯಾಗ ಬೆಂಕಿ ಹಚ್ಚತಾಳ" ಎಂದರೆ ಚಾಡಿ ಹೇಳಿ ಜಗಳ ತರುತ್ತಾಳೆ. ಇದೇ ಮಾತನ್ನು ಕನ್ನಡ ಬಾರದ ಅಧಿಕಾರಿಯೊಬ್ಬರು ಇನ್ನಾರಿಂದಲೋ ತುಂಡುತುಂಡಾಗಿ ಅನುವಾದ ಮಾಡಿಸಿಕೊಂಡು ಓದಿದರೆ ಏನಾಗುತ್ತದೆ? ಮಾಲು, ಮುಗಿಸುವುದು, ಬೆಂಕಿ: ಒಂದೊಂದೂ ಕಡತದಲ್ಲಿ ಬೇರೆಯೇ ಬಣ್ಣ ಪಡೆಯುತ್ತದೆ.

ಇದು ನಮ್ಮ ಕಲ್ಪನೆಯ ಭಯವಲ್ಲ. 2001ರ ಸಂಸತ್ ಭವನದ ದಾಳಿಯ ಪ್ರಕರಣದಲ್ಲಿ ದಿಲ್ಲಿಯ ಕಾಲೇಜು ಉಪನ್ಯಾಸಕ ಎಸ್. ಎ. ಆರ್. ಗೀಲಾನಿ ಅವರಿಗೆ ಪೋಟಾ ವಿಶೇಷ ನ್ಯಾಯಾಲಯ 2002ರ ಡಿಸೆಂಬರಿನಲ್ಲಿ ಮರಣದಂಡನೆ ವಿಧಿಸಿತು. ಅವರ ವಿರುದ್ಧದ ಮುಖ್ಯ ಸಾಕ್ಷ್ಯಗಳಲ್ಲೊಂದು, ಅವರು ತಮ್ಮನೊಂದಿಗೆ ಕಾಶ್ಮೀರಿಯಲ್ಲಿ ಆಡಿದ ಕೆಲವೇ ನಿಮಿಷಗಳ ದೂರವಾಣಿ ಮಾತು. ಪೊಲೀಸರು ಮಾಡಿಸಿದ ಅನುವಾದ ಒಂದು ಅರ್ಥ ಹೇಳಿತು; ಕಾಶ್ಮೀರಿ ಬಲ್ಲ ಪ್ರತಿವಾದಿ ಸಾಕ್ಷಿಗಳು ಬೇರೊಂದು ಅರ್ಥ ಹೇಳಿದರು. 2003ರ ಅಕ್ಟೋಬರಿನಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಬಿಡುಗಡೆಯನ್ನು ಎತ್ತಿಹಿಡಿಯಿತು. ಎರಡು ಮೂರು ಕಾಶ್ಮೀರಿ ಶಬ್ದಗಳ ಅರ್ಥದ ಮೇಲೆ ಒಬ್ಬ ಮನುಷ್ಯನ ಕೊರಳು ತೂಗಾಡಿತ್ತು. ನೆರೆರಾಜ್ಯದಲ್ಲಿ ಬದುಕುವ ಯಾವ ಭಾಷಾ ಅಲ್ಪಸಂಖ್ಯಾತರೂ ಇದನ್ನು ಮರೆಯಬಾರದು.

ಭಾಷೆಯ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಬಹಳ ಹಿಂದೆಯೇ ಒಳ್ಳೆಯ ದಾರಿ ತೋರಿಸಿದೆ. 1962ರ ಹರಿಕಿಶನ್ ಪ್ರಕರಣದಲ್ಲಿ, ಹಿಂದಿ ಮಾತ್ರ ಬಲ್ಲ ಬಂಧಿಯೊಬ್ಬರಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ಬಾಯಿಮಾತಿನಲ್ಲಿ ವಿವರಿಸಿದ್ದೇವೆ, ಸಾಕು ಎಂದಿತು ಸರಕಾರ. ಸಾಲದು ಎಂದಿತು ನ್ಯಾಯಾಲಯ, ಅವರನ್ನು ಬಿಡಿಸಿತು. 2025ರ ನವೆಂಬರಿನಲ್ಲಿ ಅದೇ ನ್ಯಾಯಾಲಯ, ಯಾವುದೇ ಅಪರಾಧಕ್ಕಾಗಿ ಬಂಧಿಸಿದರೂ ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ, ಬರವಣಿಗೆಯಲ್ಲಿ ಕಾರಣ ಕೊಡಬೇಕೆಂದು ಹೇಳಿದೆ. ಆದರೆ ಈ ರಕ್ಷಣೆ ಕೈಗೆ ಕೋಳ ಬಿದ್ದವನಿಗೆ. ಕದ್ದಾಲಿಕೆಯಲ್ಲಿ ಕೋಳವೇ ಕಾಣುವುದಿಲ್ಲ. ತನ್ನ ಮಾತನ್ನು ಕೇಳಿದ್ದಾರೆಂದು ತಿಳಿಯದವನು ಯಾವ ಭಾಷೆಯಲ್ಲಿ, ಯಾರಿಗೆ ದೂರು ಕೊಡಬೇಕು? ನಮ್ಮ ಊರಿನ ಹೆಸರು ಕನ್ನಡದ ಕಿವಿಗೆ ಸಂಕೋಲೆಯಂತೆ ಕೇಳಿಸುತ್ತದೆಂದು ಹೊಸಬರು ನಗುವುದುಂಟು. ಕಾಣುವ ಸಂಕೋಲೆಯನ್ನಾದರೂ ಕಳಚಬಹುದು. ಕಾಣದ್ದನ್ನು ಕಳಚುವುದು ಹೇಗೆ?

ಸಂಶಯ ಒಮ್ಮೆ ಅಂಟಿಕೊಂಡರೆ ಅದನ್ನು ತೊಳೆಯಲು ಎಷ್ಟು ವರ್ಷ ಬೇಕೆಂಬುದನ್ನು ಕರ್ನಾಟಕವೇ ಕಂಡಿದೆ. ವೀರಪ್ಪನ್ ಕಾಲದಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನ ಗಡಿಯ ಹಳ್ಳಿಗಳ ನೂರಕ್ಕೂ ಹೆಚ್ಚು ಜನರನ್ನು ಟಾಡಾ ಅಡಿಯಲ್ಲಿ ಹಿಡಿದು ಮೈಸೂರಿನಲ್ಲಿ ಇಡಲಾಗಿತ್ತು. ಅವರಲ್ಲಿ ಹೆಂಗಸರೂ ಇದ್ದರು. 1995ರಲ್ಲಿ ಕಾಯಿದೆ ಸತ್ತರೂ ಅವರ ಮೊಕದ್ದಮೆ ಸಾಯಲಿಲ್ಲ. 2000ದಲ್ಲಿ ಡಾ. ರಾಜಕುಮಾರ್ ಅಪಹರಣವಾದಾಗ ಈ ಬಂಧಿಗಳ ಬಿಡುಗಡೆ ಚೌಕಾಸಿಯ ವಸ್ತುವಾಯಿತು. ಹತ ಪೊಲೀಸ್ ಅಧಿಕಾರಿ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು; ಅಪಹರಣಕಾರನ ಬೆದರಿಕೆಗೆ ಮಣಿದು ಸರಕಾರ ಆರೋಪ ಹಿಂತೆಗೆದುಕೊಳ್ಳಲಾಗದೆಂದು ನ್ಯಾಯಾಲಯ ಆ ವರ್ಷದ ನವೆಂಬರಿನಲ್ಲಿ ತೀರ್ಪಿತ್ತಿತು. ಮಗನನ್ನು ಕಳೆದುಕೊಂಡ ಆ ತಂದೆ ಕೇಳಿದ್ದು ನ್ಯಾಯವಾಗಿತ್ತು: ತೀರ್ಮಾನ ಕಾಡಿನಲ್ಲಾಗಬಾರದು, ನ್ಯಾಯಾಲಯದಲ್ಲಾಗಬೇಕು. 2001ರಲ್ಲಿ ನ್ಯಾಯಾಲಯದ ತೀರ್ಮಾನ ಬಂತು. ಕೆಲವರಿಗೆ ಶಿಕ್ಷೆಯಾಯಿತು, ಆದರೆ ಬಹುಪಾಲು ಜನ ನಿರ್ದೋಷಿಗಳೆಂದು ಹೊರಬಂದರು. ಆ ಬಡ ಹಳ್ಳಿಗರಿಗೆ ಬೇಕಾಗಿದ್ದುದು ದಯೆಯಲ್ಲ, ಬೇಗ ಕಣ್ಣುಬಿಡುವ ನ್ಯಾಯಾಲಯ. ಅದು ಸಿಗುವ ಹೊತ್ತಿಗೆ ಅವರ ಆಯುಷ್ಯದ ಒಂದು ತುಂಡು ಹೋಗಿತ್ತು.

ನಮ್ಮಲ್ಲಿ ಅನೇಕರ ತವರಿಗೆ ಹತ್ತಿರದ ಹುಬ್ಬಳ್ಳಿಯಲ್ಲೂ ಇದೇ ಆಯಿತು. 2008ರಲ್ಲಿ ಭಯೋತ್ಪಾದನೆಯ ಸಂಚಿನ ಆರೋಪದ ಮೇಲೆ ಹಿಡಿದವರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. 2015ರ ಏಪ್ರಿಲಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಹದಿನೇಳೂ ಮಂದಿಯನ್ನು ಬಿಡುಗಡೆ ಮಾಡಿತು. ಏಳು ವರ್ಷ! ಒಂದನೆಯ ತರಗತಿಗೆ ಸೇರಿದ ಮಗು ಏಳನೆಯದನ್ನು ಮುಗಿಸುವಷ್ಟು ಕಾಲ. ದೇಶದ ಲೆಕ್ಕವೂ ಬೇರೆಯಲ್ಲ. ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಅಂಕಿಗಳ ಪ್ರಕಾರ 2016ರಿಂದ 2020ರವರೆಗೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಯಡಿ ಆರೋಪಕ್ಕೆ ಒಳಗಾದವರು 24,134 ಜನ. ಅದೇ ಅವಧಿಯಲ್ಲಿ ಶಿಕ್ಷೆಯಾದವರು 212, ಖುಲಾಸೆಯಾದವರು 386. ಉಳಿದವರ ಪಾಡು ಕಾಯುವುದೇ.

"ತಪ್ಪು ಮಾಡದವನಿಗೆ ಭಯವೇಕೆ?" ಎಂಬ ಮಾತು ಚಹಾದ ಅಂಗಡಿಯಿಂದ ಶಾಸನಸಭೆಯವರೆಗೆ ಕೇಳುತ್ತೇವೆ. ಕೇಳುವ ಕಿವಿ ಭಯೋತ್ಪಾದಕರನ್ನು ಮಾತ್ರ ಕೇಳುತ್ತದೆ ಎಂಬ ನಂಬಿಕೆ ಈ ಮಾತಿನ ಬುಡದಲ್ಲಿದೆ. 1988ರಲ್ಲಿ ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ. 2019ರಲ್ಲಿ ಅದೇ ರಾಜ್ಯದಲ್ಲಿ ರಾಜಕಾರಣಿಗಳ, ಅಧಿಕಾರಿಗಳ ದೂರವಾಣಿ ಕದ್ದು ಕೇಳಿದ ಆರೋಪ ಸಿಬಿಐ ತನಿಖೆಯವರೆಗೆ ಹೋಯಿತು. ಅಧಿಕಾರದಲ್ಲಿರುವವರ ಮಾತಿಗೇ ಮರೆಯಿಲ್ಲದ ಮೇಲೆ, ಗೋವಾದ ಬಾಡಿಗೆ ಕೋಣೆಯಲ್ಲಿರುವ ಗೌಂಡಿಯ ಮಾತಿಗೆ ಯಾರು ಕಾವಲು?

ಹಾಗೆಂದು ಪೊಲೀಸರು ಯಾರ ಮಾತನ್ನೂ ಎಂದೂ ಕೇಳಬಾರದೆಂದು ನಾವು ವಾದಿಸುತ್ತಿಲ್ಲ. ಗಟ್ಟಿ ಕಾರಣವಿದ್ದರೆ, ಒಬ್ಬ ನಿರ್ದಿಷ್ಟ ಮನುಷ್ಯನ ಮೇಲೆ, ನಿರ್ದಿಷ್ಟ ಕಾಲಕ್ಕೆ ಕೇಳಲಿ. 1996ರಲ್ಲಿ ಪಿಯುಸಿಎಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ದೂರವಾಣಿಯಲ್ಲಿ ಆಡುವ ಮಾತು ಮನುಷ್ಯನ ಖಾಸಗಿ ಬದುಕಿನ ಭಾಗವೆಂದು ಹೇಳಿ ಕದ್ದಾಲಿಕೆಗೆ ಮಿತಿ ಹಾಕಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಆ ಹಿರಿಯರು 2024ರಲ್ಲಿ ತೀರಿಕೊಂಡರು. ಕನ್ನಡ ಶಾಲೆಯ ಗೋಡೆಯ ಮೇಲೆ ಅವರ ಚಿತ್ರವೂ ಇರಬೇಕಾದದ್ದು ನ್ಯಾಯ.

ಕಣ್ಗಾವಲು ಎಂದರೆ ಫೋನು ಮಾತ್ರವಲ್ಲ. ಗೋವಾದಲ್ಲಿ ಬಾಡಿಗೆದಾರರ ವಿವರವನ್ನು ಮನೆಯ ಮಾಲೀಕರು ಪೊಲೀಸ್ ಠಾಣೆಗೆ ಕೊಡಬೇಕು. 2024ರಲ್ಲಿ ವಿಧಾನಸಭೆ ಇದನ್ನು ಕಾಯಿದೆಯಾಗಿಯೇ ಅಂಗೀಕರಿಸಿ ತಪ್ಪಿದವರಿಗೆ ದಂಡ ಇಟ್ಟಿತು. ಊರಿನಲ್ಲಿ ಯಾರಿದ್ದಾರೆಂದು ಪೊಲೀಸರಿಗೆ ತಿಳಿದಿರುವುದು ತಪ್ಪಲ್ಲ. ಆದರೆ ಆ ಕಾಗದ ಎಷ್ಟು ವರ್ಷ ಇರುತ್ತದೆ, ಯಾರು ಯಾರು ನೋಡುತ್ತಾರೆ, ತುಂಬುವವನಿಗೆ ಅದರಲ್ಲಿರುವುದು ಅರ್ಥವಾಗಿದೆಯೇ ಎಂಬುದನ್ನು ಕೇಳಲೇಬೇಕು. ಸ್ವಂತ ಮನೆಯಿರುವವನು ಇಂಥ ಪಟ್ಟಿಗೆ ಬರುವುದಿಲ್ಲ. ದುಡಿಯಲು ಬಂದವನು ಮೊದಲ ಸಾಲಿನಲ್ಲೇ ಬರುತ್ತಾನೆ. ಮುಂದೆ ಯಾವ ಹೊಸ ಮಸೂದೆ ಬಂದರೂ ಅದರ ಕಣ್ಣು ಮೊದಲು ಓಡುವುದು ಸಿದ್ಧವಾಗಿರುವ ಪಟ್ಟಿಯ ಮೇಲೆಯೇ.

ನಮ್ಮ ಗೋವಾದ ನೆರೆಹೊರೆಯವರಿಗೂ ಇದು ಪರಕೀಯ ವಿಷಯವಲ್ಲ. 1684ರಲ್ಲಿ ಪೋರ್ಚುಗೀಸ್ ಆಳರಸರು ಕೊಂಕಣಿಯನ್ನು ಬಿಡಬೇಕೆಂದು ಆಜ್ಞೆ ಹೊರಡಿಸಿದ್ದರು. ತಾಯಿನುಡಿಯ ಮೇಲೆ ಆಳುವವರ ಕಿವಿ ಇದ್ದರೆ ಹೇಗಿರುತ್ತದೆಂದು ಈ ನೆಲಕ್ಕೆ ಗೊತ್ತು. ಆದುದರಿಂದ ಈ ಬೇಡಿಕೆಯನ್ನು ಕನ್ನಡಿಗರ ಬೇಡಿಕೆಯೆಂದು ಮಾತ್ರ ಇಡದೆ, ಕೊಂಕಣಿ, ಮರಾಠಿ ಗೆಳೆಯರನ್ನೂ ಕೂಡಿಸಿಕೊಂಡು ಇಡೋಣ.

ನಮ್ಮ ಬೇಡಿಕೆಗಳು ಐದು. ಒಂದು: ಕದ್ದಾಲಿಕೆಗೆ ನ್ಯಾಯಾಧೀಶರ ಒಪ್ಪಿಗೆ ಬೇಕು, ತುರ್ತಾದರೆ ಕೆಲವೇ ದಿನಗಳಲ್ಲಿ ಅವರ ಮುಂದೆ ಇಡಬೇಕು. ಎರಡು: ಪೋಟಾದ ಜೊತೆ ಹೋದ ವಾರ್ಷಿಕ ವರದಿ ಮರಳಿ ಬರಬೇಕು, ಶಾಸನಸಭೆಯಲ್ಲಿ ಚರ್ಚೆಯಾಗಬೇಕು. ಮೂರು: ತನಿಖೆ ಮುಗಿದ ಮೇಲೆ, ಏನೂ ಸಿಗದಿದ್ದರೆ, ಆ ಮನುಷ್ಯನಿಗೆ ಅವನಿಗೆ ತಿಳಿಯುವ ಭಾಷೆಯಲ್ಲಿ ತಿಳಿಸಬೇಕು. ನಾಲ್ಕು: ಸಂಭಾಷಣೆ ಸಾಕ್ಷ್ಯವಾಗುವುದಾದರೆ ಮೂಲ ಧ್ವನಿ, ಮೂಲ ಭಾಷೆಯ ಬರಹ, ಅನುವಾದ ಮೂರೂ ಆರೋಪಿಗೆ ದೊರೆಯಬೇಕು, ಅನುವಾದಕರ ಅರ್ಹತೆ ದಾಖಲೆಯಲ್ಲಿರಬೇಕು. ಐದು: ಹೊಸ ಅಧಿಕಾರ ಯಾವುದೇ ಇರಲಿ, ಟಾಡಾಕ್ಕೂ ಇದ್ದಂಥ ಅವಧಿ ಅದಕ್ಕಿರಬೇಕು.

ಇನ್ನು ನೀವು ಮಾಡಬೇಕಾದ ಕೆಲಸ. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ, ಕುಂದುಕೊರತೆಯ ಅರ್ಜಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ತಾಯಿನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಮಾತು ಹೇಳುವ 350ಎ ನಮಗೆಲ್ಲ ಬಾಯಿಪಾಠ. ಅದರ ಹಿಂದಿನ ಸಾಲನ್ನು ಓದುವವರು ಕಡಿಮೆ. ಹಿರಿಯ ತರಗತಿಗಳ ಶಿಕ್ಷಕರು ಒಂದು ಪಿರಿಯಡ್ಡನ್ನು ಇದಕ್ಕೆ ಕೊಡಲಿ. ಮಕ್ಕಳಿಂದ ಒಂದು ಅರ್ಜಿ ಬರೆಸಿ ಅಭ್ಯಾಸ ಮಾಡಿಸಲಿ. ಪಾಲಕರ ಸಭೆಯಲ್ಲಿ ಬಾಡಿಗೆದಾರರ ನಮೂನೆಯನ್ನು ಕನ್ನಡದಲ್ಲಿ ಓದಿ ಹೇಳಲಿ; ತುಂಬಿದ ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಲು ತಿಳಿಸಲಿ. ಮೇಲಿನ ಐದು ಬೇಡಿಕೆಗಳನ್ನು ನಿಮ್ಮ ಕೈಯಾರೆ ಬರೆದು ದಕ್ಷಿಣ ಗೋವಾದ ಲೋಕಸಭಾ ಸದಸ್ಯರಿಗೆ ಕಳಿಸಿ. ಜೊತೆಗೆ ಇಂಗ್ಲಿಷ್ ಅಥವಾ ಕೊಂಕಣಿಯ ಪ್ರತಿ ಇರಲಿ. ಓದುವವರಿಗೆ ನೆವ ಸಿಗಬಾರದು.

ಮಸೂದೆ ಸದನಕ್ಕೆ ಬಂದ ದಿನ ಬರೆಯೋಣವೆಂದು ಕಾಯಬೇಡಿ. ಪೋಟಾ ತಿರಸ್ಕೃತವಾದ ದಿನದಿಂದ ಅಂಗೀಕಾರವಾದ ದಿನಕ್ಕೆ ಐದೇ ದಿನಗಳ ಅಂತರವಿತ್ತು. ಅಂಚೆಗೆ ಅಷ್ಟು ದಿನ ಸಾಲದು.